ಮುನ್ನೂರಾ ಹದಿನೈದನೆಯ ಬಾಗಿಲು

ವಿಜಯಪುರದ ಬಸ್‌ಸ್ಟ್ಯಾಂಡಿನಾಗ ರಾತ್ರಿ ಹತ್ತೂವರಿ.
ತೊಡಿ ಮ್ಯಾಲೆ ಬಿಳಿ ಥರ್ಮಾಕೋಲ್ ಡಬ್ಬಿ,
ಒಳಗ ಐಸು, ಐಸಿನಾಗ ಹನ್ನೆರಡು ನಳಿಗಿ ನೆತ್ತರ.
"ಏನಕ್ಕಾ, ಕುಲ್ಫಿ ಏನು?" ಕಂಡಕ್ಟರ್ ಕೇಳಿದ.
ಹ್ಞೂಂ ಅಂದೆ. ಬೆಳಗಾವಿ ಮುಟ್ಟೂತನಾ
ಕರಗಬಾರದು ಅನ್ನೂದಷ್ಟ ಖರೆ.

ಒಂಬತ್ತನೇ ನಳಿಗಿ ಲಾಡ್ಲೇಸಾಬ ಅಗಸಬಾಳ ಅವರದು.
ಮೂವತ್ತೊಂದು ವರ್ಷ ಗೋಳಗುಮ್ಮಟದ ಮ್ಯಾಲಿನ ಸುತ್ತಿನಾಗ
ನಿಂತು ಕಡ್ಡಿ ಕೊರೆದವರು.
ಇತ್ತ ಅವರು ಕೊರೆದರ
ಅತ್ತ ಗ್ವಾಡಿಗೆ ಕಿವಿ ಹಚ್ಚಿದ ಸಾಲಿ ಹುಡುಗರು
ಬೆಂಕಿ ಹತ್ತಿದ ಸಪ್ಪಳಕ್ಕ ಹೌಹಾರತಿದ್ದರು.
"ಏಳು ಸಲ ಅಂತಾರ ಮಂದಿ. ನಾ ಹತ್ತರ ತನಾ ಎಣಿಸೀನ್ರಿ.
ಆಮ್ಯಾಲೆ ನಿಂದರತದ.
ನಿಂದರತದ ಅಂತನ ಅದು ಚಂದ."

ನಿಂದರದ್ದನ್ನ ನಾ ಅವರಿಗೆ ಹೇಳಬೇಕಾಗಿತ್ತು.
ಒಂಬತ್ತನೇ ವರ್ಣತಂತುವಿನ ಚೂರೊಂದು
ಇಪ್ಪತ್ತೆರಡನೇದಕ್ಕ ಹೋಗಿ ಹತ್ತಿಕೊಂಡದ.
ಅಲ್ಲಿ ಹುಟ್ಟಿದ ಕೈನೇಸ್
ರಂಜಕದ ಹುಡಿ ತಗದು
ಕಂಡಕಂಡವರ ಬೆನ್ನಿಗೆ ಹಚ್ಚಿ
ಬೆಳಿ, ಬೆಳಿ, ಬೆಳಿ ಅಂತದ.
"ಕಡ್ಡಿಪೆಟಗಿ ಬಗಲಿಗೆ ಇರತದಲ್ಲ, ಅದ ರಂಜಕ ಏನ್ರಿ?"
ಅದರ ಬಳಗಾನ, ಕಾಕಾ.
"ಅಂದರ ಹತ್ತಾದರೂ ನಿಂದರವಲ್ದು."
ನಿಂದರವಲ್ದು.

ಆರು ವರ್ಷ ಗುಳಿಗಿ ತಡೀತು.
ದಿನಾ ಊಟದ ಜೋಡಿ ಒಂದು.
ಕೂಗಾಂವನ ಬಾಯಿಯೊಳಗ ಹೋಗಿ ಕೂತು,
ಎಲಿಅಡಕಿ ತುಂಬಿಕೊಂಡಾಂವ
ಮಾತಾಡಲಾರದಂಗ ಮಾಡಿತ್ತು.

ಹೋದ ರಮಜಾನ್ ಮುಗಿದ ವಾರ ಎಣಿಕಿ ಏರಿತು.
ಎಲ್ಲಾ ಬಿಟ್ಟು ಒಂದ ಜಾಗ ಬದಲಾಗಿತ್ತು:
ಮುನ್ನೂರಾ ಹದಿನೈದು.
ಅಲ್ಲಿದ್ದ ಅಮೈನೋ ಆಮ್ಲ ಹೋಗಿ
ಮತ್ತೊಂದು ದಪ್ಪಂದು ಬಂದು ನಿಂತು
ಗುಳಿಗಿಗೆ ಹಾದಿ ಕೊಡವಲ್ದು.
ನಮ್ಮ ಪುಸ್ತಕದಾಗ ಆ ಜಾಗಕ್ಕ ಒಂದು ಹೆಸರದ.
ಹೇಳಲೋ ಬ್ಯಾಡೋ ಅಂತ ಪೆನ್ನಿನ ಟೊಪಗಿ ತಿರುವಿದೆ.
ಬಾಗಿಲಾ ಕಾಯಾಂವ ಅಂತಾರ್ರಿ.
ಚಾ ಬಶಿಗೆ ಸುರುವತಿದ್ದ ಲಾಡ್ಲೇಸಾಬರು
ಚಾ ಚೆಲ್ಲುವಂಗ ನಕ್ಕರು:
"ಡ್ಯೂಟಿ ಬದಲಾಗೇದ ಅನ್ರಿ ಬಾಯಾರ!
ಹೊಸಾಂವ ಬಂದಾನ. ಹೊಸಾಂವ ಯಾರನ್ನೂ ಒಳಗ ಬಿಡೂದಿಲ್ಲ.
ಗುರ್ತಿನ ಮುಖ ಒಂದು ಬೇಕು ಅವಗ."

ಗುರ್ತಿನ ಮುಖ ಮಾಡೂದ ನನ್ನ ಕೆಲಸ.
ಈ ವರ್ಷ ಎಂಬತ್ತಾರು ಅಣು, ಹೆಸರಿಲ್ಲ, ಬರೇ ನಂಬರು.
ನಲವತ್ತು ನೀರಾಗ ಕರಗಲಿಲ್ಲ.
ಹದಿನೇಳು ಇಲಿಗಳ ಯಕೃತ್ತು ಕೆಡಿಸಿದವು.
ಐವತ್ತೆರಡು ಮಾತ್ರ, ಬಡಕಲು ಸೊಂಟದ್ದು,
ಕಾವಲಿನವನ ಬಗಲಾಗ ನುಸುಳಿ
ಒಳಗ ತುಸು ಹೊತ್ತು ಕೂತಿತ್ತು.
ಅವತ್ತು ಲ್ಯಾಬಿಗೆಲ್ಲಾ ಕುಂದಾ ಹಂಚಿದೆ.
ಮರುದಿನ ನೋಡಿದರ ಎದ್ದು ಹೋಗಿತ್ತು.
ಉಳಿದ ಕುಂದಾ ಫ್ರಿಜ್ಜಿನಾಗ ಹಂಗ ಅದ,
ಯಾರೂ ತಿಂದಿಲ್ಲ, ಯಾರೂ ಚೆಲ್ಲಿಲ್ಲ.

ಮುಂಜಾನೆ ನನ್ನ ಬೆರಳಿನ ಗೆಣ್ಣು ಬಾತಿರತಾವ,
ನಳಿಗಿಯ ಮುಚ್ಚಳ ತಿರುವಲಿಕ್ಕೆ ಹುಡುಗನ್ನ ಕರೀತೀನಿ.
ನನ್ನ ಮೈಯ ಪಹರೆಯವರು
ನನ್ನನ್ನ ಕಳ್ಳಿ ಅಂತ ತಿಳಕೊಂಡಾರ.
ಅದಕ್ಕೂ ಒಂದು ಗುಳಿಗಿ ಅದ,
ಮತ್ತೊಂದು ಮನಿತನದ ಕೈನೇಸಿನ ಬಾಯಿ ಕಟ್ಟೂದು.
ನುಂಗಿದರ ನೋವು ಕಡಿಮಿ,
ಊರಾಗಿನ ಜ್ವರಕ್ಕೆಲ್ಲಾ ಬಾಗಿಲ ತುಸು ಸಡಿಲ.
ಕಾಕಾನ ಮುಂದ ಇದು ಹೇಳಿಲ್ಲ.
ರಕ್ತ ತಗೊಳ್ಳೂಮುಂದ ಅವರ ನನ್ನ ಕೈ ನೋಡಿ
ಸೂಜಿ ಆಕಡೆ ಕೊಡ್ರಿ, ನರ್ಸಮ್ಮ ಮಾಡಲಿ ಅಂದರು.

ಮತ್ತ ಅಂದರು:
"ರಿಪೋರ್ಟ್ ಬಂದರ ಫೋನ್ ಮಾಡಬ್ಯಾಡ್ರಿ. ಬಂದು ಹೇಳ್ರಿ.
ಫೋನಿನಾಗ ದನಿ ಒಂದ ಸಲ ಕೇಳತದ."

ಲೋಕಾಪುರ. ಬಸ್ಸು ನಿಂತಿತು.
ಎಲ್ಲಾರೂ ಚಾಕ್ಕ ಇಳಿದರು,
ನಾ ಡಬ್ಬಿ ಅವಚಿಕೊಂಡು ಕೂತೆ, ಹೊಟ್ಟಿ ತಣ್ಣಗ.
ಹೊರಗ ಡ್ರೈವರ್ ಬೀಡಿಗೆ ಕಡ್ಡಿ ಕೊರೆದ.
ಗಾಜಿನ ಈಚೆ ಸಪ್ಪಳ ಬರಲಿಲ್ಲ,
ಬೆಳಕಷ್ಟ ಕಂಡಿತು.